ಹಳೇ ಕೆಮಿಸ್ಟ್ರಿ ಡೆಂಟಲ್ ಸ್ಕೂಲಿಗೆ ನಡೆಯುತ್ತಾ?

ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ನೇರವಾಗಿ ಬಿಡಿಎಸ್ ಸೇರುತ್ತಾರೆ. ಹದಿನೆಂಟಕ್ಕೆ ಒಳಗೆ ಹೋದವರು ಇಪ್ಪತ್ಮೂರರ ಹೊತ್ತಿಗೆ ಡಾಕ್ಟರಾಗಿ ಹೊರಗೆ ಬರುತ್ತಾರೆ. ನಡುವೆ ಓದಿದ್ದನ್ನು ಮರೆಯಲು ಪುರುಸೊತ್ತೇ ಇರುವುದಿಲ್ಲ. ಅಮೆರಿಕದ ದಾರಿ ಬೇರೆ. ಅಲ್ಲಿ ಮೊದಲು ಒಂದು ಡಿಗ್ರಿ, ಆಮೇಲೆ ನಾಲ್ಕು ವರ್ಷದ ಡೆಂಟಲ್ ಸ್ಕೂಲು. ಡಿಗ್ರಿ ಯಾವ ವಿಷಯದಲ್ಲಾದರೂ ಇರಬಹುದು, ಇತಿಹಾಸವೂ ಆದೀತು, ಸಂಗೀತವೂ ಆದೀತು. ಆದರೆ ಅದರ ಜೊತೆಗೆ ಕೆಲವು ಸೈನ್ಸ್ ಕೋರ್ಸ್‌ಗಳನ್ನು ಮುಗಿಸಿರಲೇಬೇಕು. ಇವಕ್ಕೆ ಪ್ರಿರಿಕ್ವಿಸಿಟ್ ಎಂದು ಹೆಸರು. ಅಲ್ಲಿನ ಹುಡುಗರ ಬಾಯಲ್ಲಿ ಬರೀ "ಪ್ರೀರೆಕ್".

ಡಿಗ್ರಿಗೂ ಡೆಂಟಲ್ ಸ್ಕೂಲಿಗೂ ನಡುವೆ ಎಷ್ಟು ವರ್ಷ ಬೇಕಾದರೂ ಕಳೆದುಹೋಗಬಹುದು. ಕಾಲೇಜು ಮುಗಿಯುತ್ತಿದ್ದ ಹಾಗೆ ಕೆಲಸ ಸಿಗುತ್ತದೆ. ಮದುವೆ, ಮಗು, ಮನೆ ಸಾಲ ಒಂದರ ಹಿಂದೆ ಒಂದು ಬರುತ್ತವೆ. ಮೂವತ್ತೈದು ದಾಟಿದ ಮೇಲೆ ಒಂದು ದಿನ, "ಡೆಂಟಿಸ್ಟ್ ಆಗಬೇಕು ಅಂತ ಆಸೆ ಇತ್ತಲ್ಲ" ಎಂದು ಹಳೆಯ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಾಲೇಜಿನ ಅಂಕಪಟ್ಟಿ, ಹುಡುಕಿ ತೆಗೆಯುತ್ತಾರೆ. 2012ರಲ್ಲಿ ಮುಗಿಸಿದ ಬಯಾಲಜಿ, ಕೆಮಿಸ್ಟ್ರಿ ಅದರಲ್ಲಿವೆ. ಇವು ಈಗ ನಡೆಯುತ್ತವಾ?

ನಡೆಯುತ್ತಾ ಅನ್ನುವ ಮಾತಿಗೆ ಇಲ್ಲಿ ಮೂರು ಅರ್ಥ ಇದೆ. ಗೊಂದಲ ಹುಟ್ಟುವುದೂ ಅಲ್ಲೇ. ಸ್ಕೂಲಿನ ನಿಯಮ ಅಷ್ಟು ಹಳೆಯ ಕೋರ್ಸನ್ನು ಒಪ್ಪುತ್ತಾ? ಆಗ ತೆಗೆದ ಗ್ರೇಡು ಈಗಿನ ಸರಾಸರಿಗೆ ಸೇರುತ್ತಾ? ಅರ್ಜಿ ಓದುವ ಸಮಿತಿಗೆ ಅಷ್ಟು ಸಾಕು ಅನ್ನಿಸುತ್ತಾ? ಒಬ್ಬರು "ನನಗೆ ನಡೀತು" ಅಂತಾರೆ, ಇನ್ನೊಬ್ಬರು "ನನಗೆ ನಡೀಲೇ ಇಲ್ಲ" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ ಅಷ್ಟೆ.

ಮೊದಲು ಪಟ್ಟಿ ನೋಡಿಬಿಡೋಣ. ಸ್ಕೂಲಿನಿಂದ ಸ್ಕೂಲಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ತಳಪಾಯ ಹೆಚ್ಚುಕಡಿಮೆ ಒಂದೇ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್. ಸಾಮಾನ್ಯವಾಗಿ ಒಂದೊಂದೂ ಒಂದು ವರ್ಷದ್ದು, ಲ್ಯಾಬ್ ಸೇರಿ 8 ಸೆಮಿಸ್ಟರ್ ಕ್ರೆಡಿಟ್. ಓದಿನ ವರ್ಷವನ್ನು ಎರಡರ ಬದಲು ಮೂರು ಭಾಗ ಮಾಡುವ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಓದಿದ್ದರೆ ಅದೇ 8ಕ್ಕೆ 12 ಕ್ವಾರ್ಟರ್ ಕ್ರೆಡಿಟ್ ಬೇಕು. ಇಂಗ್ಲಿಷ್ ಬರವಣಿಗೆಯ ಕೋರ್ಸನ್ನೂ ಬಹಳ ಕಡೆ ಕೇಳುತ್ತಾರೆ. ಮೈಕ್ರೋಬಯಾಲಜಿ, ಅನಾಟಮಿ, ಫಿಸಿಯಾಲಜಿ ಕೆಲವು ಕಡೆ ಕಡ್ಡಾಯ, ಕೆಲವು ಕಡೆ "ಇದ್ದರೆ ಒಳ್ಳೆಯದು". ಬಯೋಕೆಮಿಸ್ಟ್ರಿಯನ್ನು ಈಗ ತುಂಬಾ ಸ್ಕೂಲುಗಳು ಕಡ್ಡಾಯ ಮಾಡಿವೆ.

ಹಳಬರು ಮುಗ್ಗರಿಸುವ ಮೊದಲ ಕಲ್ಲು ಈ ಬಯೋಕೆಮಿಸ್ಟ್ರಿ. "ಆಗಲೇ ಎಲ್ಲಾ ಪ್ರೀರೆಕ್ ಮುಗಿಸಿದ್ದೆ" ಅಂದುಕೊಂಡಿರುತ್ತಾರೆ. ಮುಗಿಸಿದ್ದು ಆಗಿನ ಪಟ್ಟಿಯನ್ನು. ಸ್ಕೂಲು ನೋಡುವುದು ಈಗಿನ ಪಟ್ಟಿಯನ್ನು. ಅಂದರೆ ಹಳೆಯ ಕೋರ್ಸ್‌ಗಳಿಗೆ ಅವಧಿ ಮುಗಿದಿದೆಯಾ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಅವು ಇವತ್ತಿನ ಪಟ್ಟಿಗೆ ಸಾಕಾಗುತ್ತವಾ ಎಂದು ನೋಡಬೇಕು.

ನಿಯಮ ಯಾರದು?

ಇಡೀ ದೇಶಕ್ಕೆ ಒಂದೇ ನಿಯಮ ಇಲ್ಲ. ಅಮೆರಿಕದಲ್ಲಿ 70ಕ್ಕೂ ಹೆಚ್ಚು ಡೆಂಟಲ್ ಸ್ಕೂಲುಗಳಿವೆ. ಡಿಡಿಎಸ್ ಕೊಡುವವು ಕೆಲವು, ಡಿಎಂಡಿ ಕೊಡುವವು ಕೆಲವು. ಹೆಸರು ಎರಡು, ಡಿಗ್ರಿ ಒಂದೇ. ಅವುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ಹೆಸರು ಕೋಡಾ. ಆದರೆ ಎಷ್ಟು ಹಳೆಯ ಕೆಮಿಸ್ಟ್ರಿ ನಡೆಯುತ್ತದೆ ಅನ್ನುವುದನ್ನು ಆಯಾ ಸ್ಕೂಲೇ ತೀರ್ಮಾನ ಮಾಡುತ್ತದೆ. ಅರ್ಜಿ ಹೋಗುವುದು ಮಾತ್ರ ಒಂದೇ ಬಾಗಿಲಿನಿಂದ. ಅದಕ್ಕೆ ಆಡ್‌ಸಾಸ್ ಎನ್ನುತ್ತಾರೆ, ನಡೆಸುವುದು ಅಮೆರಿಕದ ಡೆಂಟಲ್ ಶಿಕ್ಷಣ ಸಂಘ. ಟೆಕ್ಸಸ್‌ನ ಸರ್ಕಾರಿ ಸ್ಕೂಲುಗಳಿಗೆ ಬೇರೆಯದೇ ಬಾಗಿಲಿದೆ, ಆ ರಾಜ್ಯದ ಮಾತು ಆಮೇಲೆ.

ಹೀಗಾಗಿ ಉತ್ತರ ಸ್ಕೂಲಿಗೊಂದು. ಕೆಲವು ಕಡೆ ಅವಧಿಯ ಮಾತೇ ಇಲ್ಲ, ಇಪ್ಪತ್ತು ವರ್ಷ ಹಳೆಯದಾದರೂ ಕೋರ್ಸು ಕೋರ್ಸೇ. ಕೆಲವು ಕಡೆ ಹತ್ತು ವರ್ಷ, ಕೆಲವು ಕಡೆ ಏಳು, ಬಿಗಿ ಇರುವ ಕಡೆ ಐದು. ನಡುವೆ ಇನ್ನೊಂದು ಗುಂಪಿದೆ. ಇವರು "ಐದು ವರ್ಷದ ಒಳಗಿದ್ದರೆ ಉತ್ತಮ" ಎಂದು ಬರೆದು ಸುಮ್ಮನಾಗುತ್ತಾರೆ. ಈ "ಉತ್ತಮ" ಅನ್ನುವ ಪದವನ್ನು ಹುಷಾರಾಗಿ ಓದಬೇಕು. ನಿಯಮದ ಪ್ರಕಾರ ಅದು ಕಡ್ಡಾಯ ಅಲ್ಲ. ಆದರೆ ನಿಮ್ಮ ಪಕ್ಕದಲ್ಲೇ ಕಳೆದ ವರ್ಷ ಕೆಮಿಸ್ಟ್ರಿ ಮುಗಿಸಿದ ಇನ್ನೂರು ಜನರ ಅರ್ಜಿ ಇರುವಾಗ, ಆ ಪದ ಅರ್ಧ ಕಡ್ಡಾಯ ಇದ್ದ ಹಾಗೇ.

ವಿನಾಯಿತಿಗಳೂ ಉಂಟು. ಹಳೆಯ ಜನರಲ್ ಕೆಮಿಸ್ಟ್ರಿ ಇದ್ದು, ಅದರ ಮೇಲಿನ ಬಯೋಕೆಮಿಸ್ಟ್ರಿಯನ್ನು ಈಚೆಗೆ ಒಳ್ಳೆಯ ಗ್ರೇಡಿನಲ್ಲಿ ಮುಗಿಸಿದ್ದರೆ ಹಳೆಯದನ್ನು ಒಪ್ಪಿಕೊಳ್ಳುವ ಸ್ಕೂಲುಗಳಿವೆ. ಲ್ಯಾಬಿನಲ್ಲೋ ಆಸ್ಪತ್ರೆಯಲ್ಲೋ ಅದೇ ವಿಜ್ಞಾನದ ಜೊತೆ ಕೆಲಸ ಮಾಡುತ್ತಿದ್ದರೆ ಆ ಅನುಭವವನ್ನು ಲೆಕ್ಕಕ್ಕೆ ಹಿಡಿಯುವವರೂ ಇದ್ದಾರೆ. ಇಂಥವನ್ನು ಒಂದೊಂದು ಅರ್ಜಿ ನೋಡಿ ತೀರ್ಮಾನಿಸುತ್ತಾರೆ. ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ ದೊಡ್ಡ ಪೆಟ್ಟು ಕೊಡುತ್ತದೆ. ಹತ್ತು ವರ್ಷ ಅಂದರೆ ಯಾವತ್ತಿನಿಂದ ಯಾವತ್ತಿಗೆ? ಅರ್ಜಿ ಹಾಕುವುದು ಜೂನ್‌ನಲ್ಲಿ ಶುರು. ಕ್ಲಾಸು ಶುರುವಾಗುವುದು ಮುಂದಿನ ವರ್ಷದ ಆಗಸ್ಟ್ ಸುಮಾರಿಗೆ. ಉದಾಹರಣೆಗೆ 2016ರ ಡಿಸೆಂಬರಿನಲ್ಲಿ ಫಿಸಿಕ್ಸ್ ಮುಗಿಸಿದವರು 2026ರ ಜೂನ್‌ನಲ್ಲಿ ಅರ್ಜಿ ಹಾಕಿದರೆ, ಅವತ್ತಿಗೆ ಕೋರ್ಸಿಗೆ ಒಂಬತ್ತೂವರೆ ವರ್ಷ. ಕ್ಲಾಸಿಗೆ ಕೂರುವ 2027ರ ಆಗಸ್ಟಿಗೆ ಹತ್ತು ವರ್ಷ ಎಂಟು ತಿಂಗಳು. ಅರ್ಜಿಯ ದಿನವನ್ನು ಲೆಕ್ಕ ಹಿಡಿಯುವ ಸ್ಕೂಲಿನಲ್ಲಿ ಇವರು ಪಾಸು, ಸೇರುವ ದಿನವನ್ನು ಹಿಡಿಯುವ ಕಡೆ ಫೇಲು. ಅಂಚಿನಲ್ಲಿ ಇರುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ವಿಜ್ಞಾನ ಹಳಸಿತಾ, ನಾವು ಹಳಬರಾದೆವಾ?

ಅವಧಿ ಯಾಕೆ ಬೇಕು ಅಂತ ಕೇಳಿದರೆ "ವಿಜ್ಞಾನ ಬದಲಾಗಿದೆ" ಎನ್ನುವ ಉತ್ತರ ತಟ್ಟನೆ ಬರುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪ್ರೀರೆಕ್ ಫಿಸಿಕ್ಸ್‌ನಲ್ಲಿ ಇರುವುದು ನ್ಯೂಟನ್ ನಿಯಮ, ಮಸೂರ, ವಿದ್ಯುತ್ತು. ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಲ್ಲರ ನಿದ್ದೆ ಕೆಡಿಸುವ ಎಸ್ಎನ್1, ಎಸ್ಎನ್2 ಕ್ರಿಯೆಗಳನ್ನು ಹ್ಯೂಸ್ ಮತ್ತು ಇಂಗೋಲ್ಡ್ ವಿವರಿಸಿದ್ದು 1930ರ ದಶಕದಲ್ಲಿ. ಹತ್ತು ವರ್ಷದಲ್ಲಿ ಇವು ಎಲ್ಲಿಗೂ ಹೋಗಿಲ್ಲ. ಬಯಾಲಜಿಯ ಮಾತು ಸ್ವಲ್ಪ ಬೇರೆ. ಜೀನುಗಳನ್ನು ತಿದ್ದುವ ಕ್ರಿಸ್ಪರ್ ವಿಧಾನದ ದೊಡ್ಡ ಸುದ್ದಿ ಬಂದದ್ದು 2012ರಲ್ಲಿ. ಅದಕ್ಕಿಂತ ಮೊದಲು ಓದಿದವರ ಪುಸ್ತಕದಲ್ಲಿ ಅದು ಇರುವುದಿಲ್ಲ. ಆದರೂ ಕೋಶ, ಕಿಣ್ವ, ರಕ್ತಪರಿಚಲನೆ ಎಲ್ಲ ಇದ್ದಲ್ಲೇ ಇವೆ.

ಹಳೆಯದಾಗುವುದು ನಮ್ಮ ನೆನಪು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದನ್ನು ಎಷ್ಟು ಬೇಗ ಮರೆಯುತ್ತೇವೆ ಎಂದು 1885ರಲ್ಲೇ ತೋರಿಸಿದ್ದ. ಮೊದಲ ಕೆಲವು ದಿನಗಳಲ್ಲೇ ಬಹಳಷ್ಟು ಸೋರಿಹೋಗುತ್ತದೆ. ನಂಬಿಕೆ ಇಲ್ಲದಿದ್ದರೆ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಸೈನ್ಸ್ ಓದಿದವರಿಗೆಲ್ಲ ಲ್ಯಾಬಿನ ಬ್ರೌನ್ ರಿಂಗ್ ಟೆಸ್ಟ್ ನೆನಪಿರುತ್ತದೆ, ಟೆಸ್ಟ್ ಟ್ಯೂಬ್‌ನಲ್ಲಿ ಕಂದು ಉಂಗುರ ನಿಂತಾಗ ಆದ ಖುಷಿಯೂ ನೆನಪಿರುತ್ತದೆ. ಆ ಉಂಗುರ ಯಾಕೆ ಬಂತು ಅಂದರೆ? ನೈಟ್ರೇಟ್ ಅನ್ನುವವರೆಗೆ ಹೇಳಿ ನಿಲ್ಲುತ್ತೇವೆ ಅಲ್ವಾ?

ಡೆಂಟಲ್ ಸ್ಕೂಲಿನ ಮೊದಲ ವರ್ಷದಲ್ಲಿ ಬಯೋಕೆಮಿಸ್ಟ್ರಿ, ಅನಾಟಮಿ, ಹಿಸ್ಟಾಲಜಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಜೊತೆಗೆ ಮೇಣದಲ್ಲಿ ಹಲ್ಲು ಕೆತ್ತುವ, ಪ್ಲಾಸ್ಟಿಕ್ ಹಲ್ಲು ಕೊರೆಯುವ ಅಭ್ಯಾಸ. ಅಷ್ಟು ವೇಗದಲ್ಲಿ ಓದುವ ರೂಢಿ ಈಗ ಇದೆಯಾ ಅನ್ನುವುದೇ ಸಮಿತಿಯ ಅನುಮಾನ. ಒಬ್ಬರು ಮಧ್ಯದಲ್ಲಿ ಬಿಟ್ಟುಹೋದರೆ ಆ ಸೀಟನ್ನು ತುಂಬುವುದು ಸುಲಭ ಅಲ್ಲ. ಹಾಗಾಗಿ ಐದು ವರ್ಷ, ಹತ್ತು ವರ್ಷ ಅನ್ನುವುದೆಲ್ಲ ಕೆಮಿಸ್ಟ್ರಿಯ ಮೇಲೆ ಹಚ್ಚಿದ ಎಕ್ಸ್‌ಪೈರಿ ಡೇಟ್ ಎಂದು ನನಗೆ ಅನ್ನಿಸುವುದಿಲ್ಲ. "ನೀವು ಈಗ ಓದಬಲ್ಲಿರಿ ಅನ್ನುವುದಕ್ಕೆ ಸಾಕ್ಷಿ ಕೊಡಿ" ಎಂದು ಕೇಳುವ ಒಂದು ಒರಟು ವಿಧಾನ ಅದು. ಹೀಗೆ ನೋಡಿದರೆ ಮುಂದಿನ ದಾರಿಯೂ ಕಾಣುತ್ತದೆ. ಸಾಕ್ಷಿಯನ್ನು ಹಳೆಯ ಕೋರ್ಸನ್ನೇ ಮತ್ತೆ ಮಾಡಿ ಕೊಡಬೇಕು ಅಂತೇನಿಲ್ಲ.

ಗ್ರೇಡಿಗೆ ಮುಪ್ಪಿಲ್ಲ

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ತಿಳಿಯುವುದು ಇದನ್ನು. ಹಳೆಯ ಕೋರ್ಸು ಅರ್ಹತೆಗೆ ಲೆಕ್ಕವಿಲ್ಲದೆ ಹೋಗಬಹುದು. ಅದರ ಗ್ರೇಡು ಮಾತ್ರ ಸರಾಸರಿಯಲ್ಲಿ ಯಾವತ್ತೂ ಇರುತ್ತದೆ. ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ಅಮೆರಿಕದಲ್ಲಿ ಮಾಡಿದ ಪ್ರತಿ ಕೋರ್ಸನ್ನೂ ಆಡ್‌ಸಾಸ್‌ನಲ್ಲಿ ತುಂಬಬೇಕು, ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟೂ ಹೋಗಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾವುದೋ ಬೇಜಾರಿನಲ್ಲಿ ತೆಗೆದ ಡಿ ಗ್ರೇಡು ನಲವತ್ತರಲ್ಲೂ ಬಂದು ಪಕ್ಕದಲ್ಲಿ ಕೂರುತ್ತದೆ. ನನಗೆ ಕೇಳಿದರೆ ಇದು ನ್ಯಾಯ ಅಲ್ಲ. ಸಾಲಕ್ಕೆ ಬೇಕು, ಜಮೆಗೆ ಬೇಡ ಅನ್ನುವಂಥ ಲೆಕ್ಕ. ಆದರೆ ಲೆಕ್ಕ ಹಾಗೇ ಇದೆ.

ಮತ್ತೆ ಓದಿದರೆ ಹಳೆಯ ಗ್ರೇಡು ಅಳಿಸಿಹೋಗುತ್ತದಲ್ಲ ಎನ್ನುತ್ತಾರೆ. ಕೆಲವು ಕಾಲೇಜುಗಳು ತಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹಾಗೆ ಮಾಡುವುದು ನಿಜ. ಆಡ್‌ಸಾಸ್ ಅದನ್ನು ಒಪ್ಪುವುದಿಲ್ಲ, ಎರಡನ್ನೂ ಸೇರಿಸುತ್ತದೆ. ಅವರ ಲೆಕ್ಕದಲ್ಲಿ ಎ ಅಂದರೆ 4 ಅಂಕ, ಬಿ 3, ಸಿ 2. ಆರ್ಗ್ಯಾನಿಕ್ ಕೆಮಿಸ್ಟ್ರಿಯ 8 ಕ್ರೆಡಿಟ್‌ನಲ್ಲಿ ಆಗ ಸಿ ಬಂದಿತ್ತು, ಈಗ ಮತ್ತೆ ಓದಿ ಎ ತೆಗೆದಿರಿ ಎಂದಿಟ್ಟುಕೊಳ್ಳಿ. ಅವರ ಕಣ್ಣಿಗೆ ಅದು 16 ಕ್ರೆಡಿಟ್‌ನ ಬಿ.

ಇಡೀ ಸರಾಸರಿಯನ್ನು ಎತ್ತುವುದು ಇನ್ನೂ ಕಷ್ಟ. ಡಿಗ್ರಿಯ 120 ಕ್ರೆಡಿಟ್‌ಗೆ 2.9 ಸರಾಸರಿ ಇದೆ ಎಂದುಕೊಳ್ಳಿ. ಗುಣಿಸಿದರೆ 348 ಅಂಕ. ಈಗ ಒಂದು ವರ್ಷ ಕಷ್ಟಪಟ್ಟು 30 ಕ್ರೆಡಿಟ್ ಓದಿ ಎಲ್ಲದರಲ್ಲೂ 4.0 ತೆಗೆದರೆ ಇನ್ನು 120 ಅಂಕ. ಒಟ್ಟು 468, ಭಾಗಿಸುವುದು 150ರಿಂದ. ಬರುವುದು 3.12. ಒಂದು ವರ್ಷದ ಬೆವರಿಗೆ ಇಷ್ಟೇನಾ ಅನ್ನಿಸುತ್ತದೆ. ಡೆಂಟಲ್ ಸ್ಕೂಲಿಗೆ ಸೇರುವವರ ಸರಾಸರಿ ಈಚಿನ ವರ್ಷಗಳಲ್ಲಿ 3.6ರ ಆಸುಪಾಸಿನಲ್ಲಿದೆ.

ಆದರೆ ಸಮಿತಿ ಒಂದೇ ಸಂಖ್ಯೆ ನೋಡಿ ಮುಗಿಸುವುದಿಲ್ಲ. ಆಡ್‌ಸಾಸ್ ಸರಾಸರಿಯನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಸೇರಿದ್ದು ಒಂದು, ಇಡೀ ಸೈನ್ಸಿನದು ಒಂದು, ಎಲ್ಲ ಸೇರಿದ್ದು ಒಂದು. ಡಿಗ್ರಿಯ ಆಮೇಲೆ ಮಾಡಿದ ಕೋರ್ಸ್‌ಗಳ ಸರಾಸರಿಯೂ ಬೇರೆಯಾಗಿ ಕಾಣುತ್ತದೆ. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್‌ನ ಹಳೆಯ 40 ಕ್ರೆಡಿಟ್ 2.7ರಲ್ಲಿ ಇದ್ದು, ಹೊಸ 24 ಕ್ರೆಡಿಟ್ 4.0 ಆದರೆ ಆ ಸಾಲು 3.19ಕ್ಕೆ ಏರುತ್ತದೆ. ಡಿಗ್ರಿ ನಂತರದ ಸಾಲಿನಲ್ಲಿ ಮಾತ್ರ 4.0 ನಿಂತಿರುತ್ತದೆ. ಹಳೆಯ ಅರ್ಜಿದಾರರಿಗೆ ಪ್ರಾಣ ಬರುವುದು ಆ ಕೊನೆಯ ಸಾಲಿನಿಂದ.

ಟೆಕ್ಸಸ್‌ನಲ್ಲಿ ಒಂದು ಚೋದ್ಯ ಇದೆ. ಅಲ್ಲಿನ ನಿವಾಸಿಗಳಿಗೆ "ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್" ಎಂಬ ಕಾನೂನಿನ ಹಕ್ಕಿದೆ. ಹತ್ತು ವರ್ಷಕ್ಕಿಂತ ಹಳೆಯ ಓದನ್ನು ನನ್ನ ಲೆಕ್ಕದಿಂದ ತೆಗೆಯಿರಿ ಎಂದು ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ ಹೇಳಬಹುದು. ಕೇಳಲು ಸ್ವರ್ಗ. ಆದರೆ ಆರಿಸಿಕೊಳ್ಳಲು ಬಿಡುವುದಿಲ್ಲ. ಕೆಟ್ಟ ಗ್ರೇಡಿನ ಜೊತೆ ಒಳ್ಳೆಯ ಗ್ರೇಡೂ ಹೋಗುತ್ತದೆ, ಆ ಕಾಲದ ಪ್ರೀರೆಕ್‌ಗಳೂ ಹೋಗುತ್ತವೆ. ಎಲ್ಲವನ್ನೂ ಮೊದಲಿನಿಂದ ಓದಲು ತಯಾರಿರುವವರಿಗೆ ಮಾತ್ರ ಇದು ದಾರಿ. ಟೆಕ್ಸಸ್ ಗಡಿ ದಾಟಿ ಬೇರೆ ರಾಜ್ಯದ ಸ್ಕೂಲಿಗೆ ಅರ್ಜಿ ಹಾಕಿದರೆ ಹಳೆಯದೆಲ್ಲ ಮತ್ತೆ ಎದ್ದು ಬರುತ್ತದೆ.

ಹಾಗಾದರೆ ಏನನ್ನು ಮತ್ತೆ ಓದಬೇಕು?

ಎಲ್ಲವನ್ನೂ ಬೇಡ. ಆಗ ಎ ಬಂದಿದ್ದ ಜನರಲ್ ಕೆಮಿಸ್ಟ್ರಿಯನ್ನು ಸ್ಕೂಲು ಕಡ್ಡಾಯವಾಗಿ ಕೇಳದೆ ಮತ್ತೆ ಓದುವುದು ದುಡ್ಡು ದಂಡ. ಎ ಮೇಲೆ ಎ ಬಂದರೆ ಯಾರೂ ಬೆರಗಾಗುವುದಿಲ್ಲ, ಬಿ ಬಂದರೆ ಹುಬ್ಬು ಏರಿಸುತ್ತಾರೆ. ಸಿ ಗ್ರೇಡಿಗಿಂತ ಕೆಳಗೆ ಬಂದಿದ್ದರೆ ಮತ್ತೆ ಓದಲೇಬೇಕು. ಬಹುತೇಕ ಸ್ಕೂಲುಗಳಿಗೆ ಕನಿಷ್ಠ ಸಿ ಬೇಕು, ಸಿ ಮೈನಸ್ ಕೂಡ ಬಹಳ ಕಡೆ ನಡೆಯುವುದಿಲ್ಲ.

ನನ್ನ ಪ್ರಕಾರ ಹೆಚ್ಚು ಫಲ ಕೊಡುವುದು ಮೇಲಿನ ಹಂತದ ಕೋರ್ಸುಗಳು. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಿಸಿಯಾಲಜಿ, ಸೆಲ್ ಬಯಾಲಜಿ ಇಂಥವು. ಹೊಸ ಪಟ್ಟಿಯ ಖಾಲಿ ಜಾಗ ತುಂಬುತ್ತವೆ. ಹಳೆಯ ಅಡಿಪಾಯ ಇನ್ನೂ ಗಟ್ಟಿ ಇದೆ ಅನ್ನುವುದನ್ನೂ ತೋರಿಸುತ್ತವೆ. ಮೊದಲ ವರ್ಷದ ಹೊಡೆತವನ್ನೂ ಸ್ವಲ್ಪ ಮೆತ್ತಗೆ ಮಾಡುತ್ತವೆ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಮುಖ್ಯವಾಗಿ ಎರಡು ವರ್ಷದ ಕೋರ್ಸು ನಡೆಸುವ ಸ್ಥಳೀಯ ಕಾಲೇಜಿನಲ್ಲಿ, ಫೀಸು ಕಡಿಮೆ, ಸಂಜೆ ಕ್ಲಾಸೂ ಸಿಗುತ್ತದೆ. ಆದರೆ ಅಲ್ಲಿನ ಪ್ರೀರೆಕ್‌ಗೆ ಮಿತಿ ಹಾಕುವ ಸ್ಕೂಲುಗಳಿವೆ, ಬಯೋಕೆಮಿಸ್ಟ್ರಿಯಂಥದ್ದು ಅಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ. ಕೋರ್ಸಿನ ಹೆಸರನ್ನೂ ಗಮನಿಸಿ. ನರ್ಸಿಂಗ್ ಅಥವಾ ಡೆಂಟಲ್ ಹೈಜೀನ್ ಓದುವವರಿಗಾಗಿ ಇರುವ ಹಗುರ ಕೆಮಿಸ್ಟ್ರಿಯನ್ನು ತುಂಬಾ ಕಡೆ ಒಪ್ಪುವುದಿಲ್ಲ. ಸೈನ್ಸ್ ಮೇಜರ್ ಹುಡುಗರು ಕೂರುವ ಕ್ಲಾಸೇ ಆಗಬೇಕು.

ಹೊಸ ಕೋರ್ಸಿನಿಂದ ಇನ್ನೊಂದು ಲಾಭ ಇದೆ, ಅದು ಅರ್ಜಿ ತುಂಬುವ ದಿನದವರೆಗೆ ಯಾರ ತಲೆಗೂ ಹೊಳೆಯುವುದಿಲ್ಲ. ಶಿಫಾರಸು ಪತ್ರ. ಬಹಳಷ್ಟು ಸ್ಕೂಲುಗಳು ಸೈನ್ಸ್ ಪಾಠ ಮಾಡಿದ ಇಬ್ಬರು ಪ್ರೊಫೆಸರ್‌ಗಳ ಪತ್ರ ಕೇಳುತ್ತವೆ. ಹನ್ನೆರಡು ವರ್ಷದ ಹಿಂದೆ ಇನ್ನೂರು ಜನರ ಕ್ಲಾಸಿನಲ್ಲಿ ಮೂರನೇ ಸಾಲಲ್ಲಿ ಕೂತಿದ್ದವರನ್ನು ಯಾವ ಪ್ರೊಫೆಸರ್ ನೆನಪಿಟ್ಟುಕೊಂಡಿರುತ್ತಾರೆ? ಅವರು ರಿಟೈರ್ ಆಗಿರಬಹುದು. ಕೋರ್ಸು ನಡೆದರೂ ಪತ್ರ ಸಿಗದೆ ಒದ್ದಾಡುವವರು ಇದ್ದಾರೆ. ಈಗ ಇಪ್ಪತ್ತು ಜನರ ಬಯೋಕೆಮಿಸ್ಟ್ರಿ ಕ್ಲಾಸಿನಲ್ಲಿ ಮುಂದೆ ಕೂತು ಪ್ರಶ್ನೆ ಕೇಳಿದರೆ ಆ ತೊಂದರೆ ತಾನಾಗಿ ಬಗೆಹರಿಯುತ್ತದೆ.

ಪ್ರವೇಶ ಪರೀಕ್ಷೆ ಡಿಎಟಿ ಕೂಡ ಒಂದು ಸಾಕ್ಷಿಯೇ. ಇದರ ಸೈನ್ಸ್ ಭಾಗದಲ್ಲಿ 100 ಪ್ರಶ್ನೆ, 90 ನಿಮಿಷ. ಬಯಾಲಜಿ 40, ಜನರಲ್ ಕೆಮಿಸ್ಟ್ರಿ 30, ಆರ್ಗ್ಯಾನಿಕ್ 30. ಫಿಸಿಕ್ಸ್ ಇಲ್ಲವೇ ಇಲ್ಲ. ಅಂದರೆ ಒಳ್ಳೆಯ ಡಿಎಟಿ ಅಂಕ ಹಳೆಯ ಕೆಮಿಸ್ಟ್ರಿಯ ಪರವಾಗಿ ಮಾತಾಡುತ್ತದೆ, ಹಳೆಯ ಫಿಸಿಕ್ಸ್‌ನ ಪರವಾಗಿ ಅಲ್ಲ. ಇದಕ್ಕೂ ವಯಸ್ಸಿದೆ, ಎರಡು ಮೂರು ವರ್ಷಕ್ಕಿಂತ ಹಳೆಯ ಅಂಕ ಸಾಮಾನ್ಯವಾಗಿ ನಡೆಯುವುದಿಲ್ಲ. 2025ರ ಮಾರ್ಚ್ 1ರಿಂದ ಅಂಕದ ಅಳತೆಯೇ ಬದಲಾಗಿದೆ. ಮೊದಲು 1ರಿಂದ 30 ಇತ್ತು, ಈಗ 200ರಿಂದ 600. "ನನಗೆ 21 ಬಂದಿತ್ತು" ಎಂದು ಅಣ್ಣನೋ ಅಕ್ಕನೋ ಹೇಳಿದರೆ ಗಾಬರಿಯಾಗಬೇಡಿ, ಅದು ಹಳೇ ಅಳತೆಯಲ್ಲಿ ಒಳ್ಳೆಯ ಅಂಕ.

ಊರಿನಲ್ಲಿ ಓದಿ ಬಂದವರಿಗೆ

ಕರ್ನಾಟಕದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ, ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳು ಬಹಳ ಇದ್ದಾರೆ. ಎಚ್-4ನಲ್ಲಿ ಓದಲು ಅಡ್ಡಿ ಇಲ್ಲ. ಹಾಗಾಗಿ ಮಕ್ಕಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಈ ಪ್ರಶ್ನೆ ಅವರಿಗೂ ಬರುತ್ತದೆ. ಅವರ ಮುಂದೆ ಕೋರ್ಸಿನ ವಯಸ್ಸಿಗಿಂತ ಮೊದಲು ಕೋರ್ಸಿನ ಊರು ನಿಲ್ಲುತ್ತದೆ. ಪ್ರೀರೆಕ್‌ಗಳನ್ನು ಅಮೆರಿಕ ಅಥವಾ ಕೆನಡಾದಲ್ಲೇ ಓದಿರಬೇಕು ಎನ್ನುವ ಸ್ಕೂಲುಗಳು ಬಹಳ. ಆ ಸ್ಕೂಲುಗಳ ಮಟ್ಟಿಗೆ ಬಿಎಸ್ಸಿ ಹತ್ತು ವರ್ಷ ಹಳೆಯದೋ ಹತ್ತು ತಿಂಗಳು ಹಳೆಯದೋ ಅನ್ನುವುದು ಮುಖ್ಯವೇ ಅಲ್ಲ.

ಒಪ್ಪುವ ಕಡೆಯೂ ಮೊದಲು ವಿದೇಶಿ ಡಿಗ್ರಿಗಳನ್ನು ಅಳೆದು ಹೇಳುವ ವೆಸ್ ಅಥವಾ ಇಸಿಇಯಂಥ ಸಂಸ್ಥೆಯಿಂದ ಕೋರ್ಸ್ ಬೈ ಕೋರ್ಸ್ ಮೌಲ್ಯಮಾಪನ ಮಾಡಿಸಬೇಕು. ಇಲ್ಲಿ ನಮ್ಮ ಪದ್ಧತಿಯ ಮೂರು ತೊಡಕು ಎದುರಾಗುತ್ತವೆ. ಪಿಯುಸಿಯನ್ನು ಅವರು ಹೈಸ್ಕೂಲಿಗೆ ಸೇರಿಸುತ್ತಾರೆ. ಹೆಸರಲ್ಲಿ ಯೂನಿವರ್ಸಿಟಿ ಇದೆ, ಕಟ್ಟಡದ ಮೇಲೆ ಕಾಲೇಜು ಅಂತಿದೆ, ಏನು ಮಾಡಿದರೂ ಅದು ಅವರಿಗೆ ಹನ್ನೊಂದು, ಹನ್ನೆರಡನೇ ಕ್ಲಾಸು. ಎರಡನೆಯದು ಸಿಬಿಝಡ್. ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಓದಿದವರಿಗೆ ಬಯಾಲಜಿ ಬೇಕಾದಷ್ಟಿದೆ, ಆದರೆ ಡಿಗ್ರಿಯಲ್ಲಿ ಫಿಸಿಕ್ಸ್ ಒಂದು ಪೇಪರೂ ಇರುವುದಿಲ್ಲ. ಪಿಯುಸಿಯಲ್ಲಿ ಪಿಸಿಎಂಬಿ ಮಾಡಿದ್ದರೂ ಅದು ಮೇಲಿನ ಕಾರಣಕ್ಕೆ ಲೆಕ್ಕಕ್ಕಿಲ್ಲ. ಪಿಸಿಎಂ ಮಾಡಿದವರದು ತಿರುಗುಮುರುಗು, ಫಿಸಿಕ್ಸ್ ಇದೆ, ಬಯಾಲಜಿ ಇಲ್ಲ.

ಮೂರನೆಯದು ಮಾರ್ಕ್ಸ್ ಕಾರ್ಡ್. ಅದರಲ್ಲಿ "ಕೆಮಿಸ್ಟ್ರಿ 1, ಕೆಮಿಸ್ಟ್ರಿ 2" ಎಂದು ಅಚ್ಚಾಗಿರುತ್ತದೆ. ಒಂದೇ ಪೇಪರಿನಲ್ಲಿ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರೂ ಹಂಚಿಕೊಂಡಿರುತ್ತವೆ. ಮೂರು ವರ್ಷವೂ ಬೆಂಜೀನ್ ಉಂಗುರ ಬರೆದಿದ್ದರೂ, ಟ್ರಾನ್ಸ್‌ಕ್ರಿಪ್ಟ್ ನೋಡುವವರ ಕಣ್ಣಿಗೆ ಆರ್ಗ್ಯಾನಿಕ್ ಎಂಬ ಪದ ಎಲ್ಲೂ ಕಾಣುವುದಿಲ್ಲ. ವಿಶ್ವವಿದ್ಯಾಲಯದಿಂದ ಆ ವರ್ಷದ ಸಿಲಬಸ್ ಪ್ರತಿಯನ್ನು ಸೀಲು ಹಾಕಿಸಿ ತರಿಸಿಕೊಂಡರೆ ವಾದ ಮಾಡಲು ಏನಾದರೂ ಇರುತ್ತದೆ. ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದನ್ನು ಮೇಲೆ ಬರೆದುಕೊಳ್ಳಿ. ಹಳೆಯ ಸ್ಕೀಮಿನ ಸಿಲಬಸ್ ಕೌಂಟರಿನಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ.

ಇದರಲ್ಲಿ ಒಂದು ಸಮಾಧಾನವೂ ಇದೆ. ವಿದೇಶದಲ್ಲಿ ಓದಿದ ಕೋರ್ಸಿನ ಗ್ರೇಡನ್ನು ಆಡ್‌ಸಾಸ್ ತನ್ನ ಸರಾಸರಿಗೆ ಸೇರಿಸುವುದಿಲ್ಲ. ಬಿಎಸ್ಸಿಯಲ್ಲಿ ಜಸ್ಟ್ ಪಾಸ್ ಆಗಿದ್ದವರು ಅಮೆರಿಕದಲ್ಲಿ ಎಲ್ಲ ಪ್ರೀರೆಕ್ ಹೊಸದಾಗಿ ಓದಿ ಎ ತೆಗೆದರೆ, ಅವರ ಸರಾಸರಿ 4.0 ಅಂತಲೇ ಕಾಣುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಸಿಗದ ಹೊಸ ಆರಂಭ ನಮ್ಮವರಿಗೆ ಸಿಗುತ್ತದೆ. ಆದರೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಂದು ಸಂಗತಿ ನೋಡಿಕೊಳ್ಳಿ. ಕೆಲವು ಸ್ಕೂಲುಗಳು ನಾಗರಿಕರನ್ನೂ ಗ್ರೀನ್ ಕಾರ್ಡ್ ಇರುವವರನ್ನೂ ಮಾತ್ರ ತೆಗೆದುಕೊಳ್ಳುತ್ತವೆ. ಸರ್ಕಾರಿ ಸ್ಕೂಲುಗಳಲ್ಲಿ ಹೆಚ್ಚಿನ ಸೀಟು ಆಯಾ ರಾಜ್ಯದವರಿಗೇ. ಎರಡು ವರ್ಷ ಪ್ರೀರೆಕ್ ಓದಿದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

ಇಲ್ಲೇ ಬಿಡಿಎಸ್ ಮುಗಿಸಿದವರ ದಾರಿ ಪೂರ್ತಿ ಬೇರೆ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು 1958ರಲ್ಲಿ ಶುರುವಾಯಿತು, ಮಣಿಪಾಲದ್ದು 1965ರಲ್ಲಿ. ಇಂಥ ಕಾಲೇಜುಗಳಿಂದ ಹೋದವರು ಕಾಪಿಡ್ ಎಂಬ ಇನ್ನೊಂದು ಅರ್ಜಿ ವ್ಯವಸ್ಥೆಯಲ್ಲಿ, ವಿದೇಶಿ ಡೆಂಟಿಸ್ಟ್‌ಗಳಿಗಾಗಿ ಇರುವ ಎರಡು ಮೂರು ವರ್ಷದ ಕೋರ್ಸಿಗೆ ಹಾಕುತ್ತಾರೆ. ಅಮೆರಿಕದಲ್ಲಿ ಡೆಂಟಿಸ್ಟ್ ಲೈಸೆನ್ಸಿಗೆ ಬರೆಯುವ, 2020ರಲ್ಲಿ ಶುರುವಾದ ಐಎನ್‌ಬಿಡಿಇ ಪರೀಕ್ಷೆ ಅವರ ಮುಖ್ಯ ಮೆಟ್ಟಿಲು. ಫಿಸಿಕ್ಸ್, ಕೆಮಿಸ್ಟ್ರಿ ಎಷ್ಟು ಹಳೆಯದು ಅನ್ನುವ ತಕರಾರು ಅವರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಬರುವುದು "ಕೊನೆಗೆ ರೋಗಿಯ ಬಾಯಿಗೆ ಕೈ ಹಾಕಿದ್ದು ಯಾವಾಗ?" ಅನ್ನುವ ಪ್ರಶ್ನೆ.

ಕೇಳುವ ಕ್ರಮ

ಎಲ್ಲ ಸ್ಕೂಲಿಗೂ ಒಟ್ಟಿಗೆ ಇಮೇಲ್ ಹಾಕಬೇಡಿ. ನಿಮ್ಮ ರಾಜ್ಯದ್ದು, ಪಕ್ಕದ ರಾಜ್ಯದ್ದು, ಖಾಸಗಿ ಒಂದೆರಡು, ಹೀಗೆ ಎಂಟು ಹತ್ತು ಆರಿಸಿಕೊಳ್ಳಿ. ಮೊದಲು ಅವರ ವೆಬ್‌ಸೈಟಿನಲ್ಲಿ ಪ್ರವೇಶದ ಪುಟ ಓದಿ. ಅಲ್ಲಿ ಬರೆದಿರುವುದನ್ನೇ ಮತ್ತೆ ಕೇಳಿದರೆ ಅವರಿಗೂ ಬೇಸರ. ಆಮೇಲೆ ಪ್ರವೇಶ ವಿಭಾಗಕ್ಕೆ ಚಿಕ್ಕದಾಗಿ ಬರೆಯಿರಿ. "ಹಳೆಯ ಕೋರ್ಸ್ ನಡೆಯುತ್ತದೆಯೇ" ಅಂದರೆ "ನಮ್ಮ ವೆಬ್‌ಸೈಟ್ ನೋಡಿ" ಅನ್ನುವ ಉತ್ತರ ಬರುತ್ತದೆ. "ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಸಮೇತ 8 ಕ್ರೆಡಿಟ್ 2014ರಲ್ಲಿ ಮುಗಿಸಿದ್ದೇನೆ, ಗ್ರೇಡ್ ಬಿ ಪ್ಲಸ್. 2027ರಲ್ಲಿ ಸೇರಲು ಅರ್ಜಿ ಹಾಕುತ್ತಿದ್ದೇನೆ. ಇದು ನಡೆಯುತ್ತದೆಯೇ? ಇಲ್ಲವಾದರೆ ಈ ವರ್ಷ ಬಯೋಕೆಮಿಸ್ಟ್ರಿ ಮಾಡಿದರೆ ಒಪ್ಪುತ್ತೀರಾ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುತ್ತದೆ. ಎಲ್ಲ ಕೋರ್ಸೂ ಅರ್ಜಿಯ ದಿನಕ್ಕೇ ಮುಗಿದಿರಬೇಕು ಅಂತಿಲ್ಲ. ಮಾಡುತ್ತಿರುವುದನ್ನೂ ಮಾಡಲಿರುವುದನ್ನೂ ಆಡ್‌ಸಾಸ್‌ನಲ್ಲಿ ತೋರಿಸಬಹುದು, ಸೇರುವ ಮೊದಲು ಮುಗಿದಿದ್ದರೆ ಸಾಮಾನ್ಯವಾಗಿ ಸಾಕು.

ಫೋನಿನಲ್ಲಿ ಉತ್ತರ ಕೊಟ್ಟರೆ ಥ್ಯಾಂಕ್ಸ್ ಹೇಳಿ, ಅದನ್ನೇ ಒಂದು ಇಮೇಲಿನಲ್ಲಿ ಬರೆದು "ನಾನು ತಿಳಿದಿದ್ದು ಸರಿನಾ?" ಎಂದು ಕಳಿಸಿ. ಬಂದ ಉತ್ತರವನ್ನು ತೆಗೆದಿಡಿ. ಅರ್ಜಿ ಹಾಕುವುದು ಒಂದು ವರ್ಷ ಮುಂದೆ ಹೋದರೆ ಮತ್ತೆ ಕೇಳಿ. ನಿಯಮ ಪ್ರತಿ ವರ್ಷ ಬದಲಾಗಬಹುದು, ಕೋರ್ಸಿಗೂ ಅಷ್ಟರಲ್ಲಿ ಒಂದು ವರ್ಷ ಜಾಸ್ತಿ ಆಗಿರುತ್ತದೆ.